ಊರವರ ಮೇಪಲ್ ರಸ ಕುದಿಸಿ ಸಿರಪ್ ಹಂಚುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ವರ್ಮಾಂಟ್ ರಾಜ್ಯದ ಒಂದು ಸಣ್ಣ ಊರಲ್ಲಿ ನಮ್ಮ ಮನೆ. ಮನೆ ಹಿಂದೆ ಒಂದು ಶುಗರ್‌ಹೌಸ್ ಇದೆ, ಅಂದರೆ ಮೇಪಲ್ ಮರದ ರಸ ಕುದಿಸುವ ಹಲಗೆಯ ಶೆಡ್ಡು. ಮಾರ್ಚ್ ಬಂತು ಅಂದರೆ ಅಕ್ಕಪಕ್ಕದ ಆರೇಳು ಮನೆಯವರು ತಮ್ಮ ಮರಗಳ ರಸ ತಂದು ಇಲ್ಲಿ ಸುರಿಯುತ್ತಾರೆ. ನಾನು ಕುದಿಸುತ್ತೇನೆ, ಬಂದ ಸಿರಪ್ಪನ್ನು ಹಂಚಿಕೊಳ್ಳುತ್ತೇವೆ. ಕುದಿಸುವುದನ್ನು ಒಂದೇ ಸೀಸನ್ನಿನಲ್ಲಿ ಕಲಿತೆ. ಸರಿಯಾಗಿ ಹಂಚುವುದನ್ನು ಕಲಿಯಲು ಮೂರು ವರ್ಷ ಬೇಕಾಯಿತು. ನೆರೆಯವರು ಬಾಗಿಲಲ್ಲಿ ನಿಂತು ಕೇಳಿದ್ದು, ಬಾಸ್ಟನ್ ಮತ್ತು ಟೊರೊಂಟೊ ಕಡೆಯ ಕನ್ನಡದ ಗೆಳೆಯರು ಬರೆದು ಕೇಳಿದ್ದು, ಎಲ್ಲಾ ಸೇರಿಸಿ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಗ್ಯಾಲನ್ ಅಂದರೆ ಇಲ್ಲಿ ಅಮೆರಿಕದ ಗ್ಯಾಲನ್, ಸುಮಾರು 3.8 ಲೀಟರ್.

## ಶುರುವಿನ ಪ್ರಶ್ನೆಗಳು

ಅವರವರ ರಸ ಅವರವರೇ ಕುದಿಸಿಕೊಳ್ಳಬಾರದಾ? ನೀವ್ಯಾಕೆ?

ಕುದಿಸಿಕೊಳ್ಳಬಹುದು. ಎರಡು ಮರ ಇದ್ದವರು ಅಂಗಳದಲ್ಲಿ ಒಲೆ ಹೂಡಿ ಕುದಿಸುತ್ತಾರೆ ಕೂಡ. ಆದರೆ ಒಂದು ಗ್ಯಾಲನ್ ಸಿರಪ್ಪಿಗೆ ನಲವತ್ತಕ್ಕೂ ಜಾಸ್ತಿ ಗ್ಯಾಲನ್ ನೀರು ಆವಿಯಾಗಬೇಕು. ಅಡುಗೆಮನೆ ಒಲೆ ಮೇಲೆ ಅಷ್ಟು ಆವಿ ಎಬ್ಬಿಸಿದರೆ ಗೋಡೆಯಲ್ಲೆಲ್ಲಾ ನೀರು ಇಳಿಯುತ್ತದೆ. ಇಷ್ಟಗಲದ ಪ್ಯಾನ್, ಹೊಗೆಕೊಳವೆ, ಸೋಸುವ ಸಾಮಾನು ಎಲ್ಲಾ ಸೇರಿ ಸಾವಿರಾರು ಡಾಲರ್ ಆಗುತ್ತದೆ. ಅಷ್ಟೆಲ್ಲಾ ಎಲ್ಲರೂ ಕೊಳ್ಳುವುದು ವ್ಯರ್ಥ.

ನನ್ನ ಅಜ್ಜಿಯ ಊರು ಸಾಗರದ ಹತ್ತಿರ. ಅಲ್ಲಿ ಆಲೆಮನೆಯೂ ಹೀಗೇ ಇತ್ತು. ಕಬ್ಬು ಹತ್ತು ಮನೆಯದ್ದು, ಗಾಣ ಮತ್ತು ಕೊಪ್ಪರಿಗೆ ಒಬ್ಬರದ್ದು. ಮೊದಲ ಸಲ ಇಲ್ಲಿನ ಶುಗರ್‌ಹೌಸ್ ಒಳಗೆ ಕಾಲಿಟ್ಟಾಗ ಆ ಸಿಹಿ ಹಬೆಯಲ್ಲಿ ನನಗೆ ನೆನಪಾದದ್ದು ಅದೇ.

ಅರ್ಧ ನಿಮಗೆ, ಅರ್ಧ ನಮಗೆ. ಇದು ನ್ಯಾಯವಾ?

ಬಹಳ ಊರಲ್ಲಿ ಬಾಯಿಮಾತಿನ ಪದ್ಧತಿ ಇದೇ. ನಮ್ಮ ಕಡೆ ಜಮೀನು ಕೋರಿಗೆ ಕೊಟ್ಟ ಹಾಗೆ. ರಸ ತಂದವರು ಮರಕ್ಕೆ ರಂಧ್ರ ಕೊರೆದು, ಬಕೆಟ್ ಕಟ್ಟಿ, ದಿನಾ ಸುರಿದುಕೊಂಡು, ಹಿಮದಲ್ಲಿ ಹೊತ್ತು ತಂದಿರುತ್ತಾರೆ. ಕುದಿಸುವವರದ್ದು ಸೌದೆ, ಸಾಮಾನು, ರಾತ್ರಿ ನಿದ್ದೆ. ಎರಡೂ ಕಡೆ ಹತ್ತಿರ ಹತ್ತಿರ ಸಮ ಅನ್ನುವುದು ನನ್ನ ಅನುಭವ. ಹಾಗಾಗಿ ಅರ್ಧದಿಂದ ಶುರು ಮಾಡಿ. ಆದರೆ ಮೊದಲ ಬಕೆಟ್ ಬರುವ ಮುಂಚೆ ಬಾಯಿಬಿಟ್ಟು ಹೇಳಿ. ವರ್ಮಾಂಟ್‌ನಲ್ಲಿ ಮಾರ್ಚ್‌ನ ಮೊದಲ ಮಂಗಳವಾರ ಊರ ಸಭೆ ನಡೆಯುತ್ತದೆ. ಹಳಬರು ಮರ ಕೊರೆಯಲು ಆ ಹೊತ್ತನ್ನೇ ಗುರುತಿಟ್ಟುಕೊಂಡಿದ್ದರು. ನಾನು ಆ ವಾರವೇ ಎಲ್ಲರ ಹತ್ತಿರ ಮಾತು ಮುಗಿಸಿಕೊಳ್ಳುತ್ತೇನೆ.

40 ಗ್ಯಾಲನ್ ಕೊಟ್ಟೆ. ಕೈಗೆ ಎರಡು ಬಾಟಲಿ ಬಂತು. ಇಷ್ಟೇನಾ?

ಹೌದು, ಇಷ್ಟೇ. ಈ ಪ್ರಶ್ನೆ ಕೇಳಿದವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ, ಮೊದಲ ವರ್ಷ ಎಲ್ಲರಿಗೂ ಹೀಗೇ ಅನಿಸುತ್ತದೆ. ವರ್ಮಾಂಟ್ ವಿಶ್ವವಿದ್ಯಾಲಯದ ಸಿ. ಎಚ್. ಜೋನ್ಸ್ ಅನ್ನುವವರು 1946ರಲ್ಲಿ ಒಂದು ಸುಲಭದ ಸೂತ್ರ ಕೊಟ್ಟರು. 86ನ್ನು ರಸದ ಸಕ್ಕರೆಯ ಶೇಕಡಾವಾರಿನಿಂದ ಭಾಗಿಸಿ. ಒಂದು ಗ್ಯಾಲನ್ ಸಿರಪ್ಪಿಗೆ ಎಷ್ಟು ಗ್ಯಾಲನ್ ರಸ ಬೇಕು ಅನ್ನುವುದು ಬರುತ್ತದೆ. ರಸದಲ್ಲಿ ಶೇ. 2 ಸಕ್ಕರೆ ಇದ್ದರೆ 43 ಗ್ಯಾಲನ್ ಬೇಕು. ಅಂದರೆ ನಿಮ್ಮ 40 ಗ್ಯಾಲನ್ನಿಗೆ ಒಟ್ಟು 0.93 ಗ್ಯಾಲನ್. ಅದರಲ್ಲಿ ಅರ್ಧ ಅಂದರೆ ಸುಮಾರು ಒಂದೂಮುಕ್ಕಾಲು ಲೀಟರ್.

ಈಗ ಸಿರಪ್ ಸ್ವಲ್ಪ ಗಟ್ಟಿಯಾಗಿರಬೇಕು ಅಂತ ನಿಯಮ. ವರ್ಮಾಂಟ್‌ನಲ್ಲಿ ಕನಿಷ್ಠ 66.9 ಬ್ರಿಕ್ಸ್ ಇರಬೇಕು, ಅಂದರೆ ತೂಕದಲ್ಲಿ ಶೇ. 66.9 ಸಕ್ಕರೆ. ಆದ್ದರಿಂದ 86ರ ಬದಲು 88 ಹಿಡಿದರೆ ಲೆಕ್ಕ ಇನ್ನೂ ಹತ್ತಿರ ಬರುತ್ತದೆ. ಹೊಸಬರಿಗೆ ನಾನು ಮೊದಲೇ ಕಮ್ಮಿ ಹೇಳುತ್ತೇನೆ. ಆಮೇಲೆ ಒಂದು ಬಾಟಲಿ ಜಾಸ್ತಿ ಬಂದರೆ ಯಾರಿಗೂ ದುಃಖ ಇಲ್ಲ.

ನಮ್ಮ ಅಂಗಳದಲ್ಲಿ ಇರೋದು ಒಂದೇ ಮರ. ತರಬಹುದಾ?

ದಯವಿಟ್ಟು ತನ್ನಿ. ಬಕೆಟ್ ಕಟ್ಟಿದ ಒಂದು ರಂಧ್ರದಿಂದ ಸೀಸನ್ನಿಗೆ ಸುಮಾರು 10 ಗ್ಯಾಲನ್ ರಸ ಬರಬಹುದು, ಅದು ಕಾಲು ಗ್ಯಾಲನ್ ಸಿರಪ್. ಇಷ್ಟಕ್ಕೆ ನಾನು ಪಾಲು ಹಿಡಿಯುವುದಿಲ್ಲ, ಪೂರ್ತಿ ವಾಪಸ್ ಕೊಡುತ್ತೇನೆ. ಮಕ್ಕಳಿರುವ ಮನೆಯಾದರೆ ಖಂಡಿತ. ಮರದ ದಪ್ಪ ಮಾತ್ರ ಅಡ್ಡಲಾಗಿ 10 ಇಂಚಾದರೂ ಇರಲಿ. ಅದಕ್ಕಿಂತ ಎಳೆಯ ಮರಕ್ಕೆ ರಂಧ್ರ ಕೊರೆಯಬೇಡಿ.

## ಅಳತೆಯ ಪ್ರಶ್ನೆಗಳು

ಬಕೆಟ್ ಎಣಿಸಿ ಹಂಚಿದರೆ ಆಗಲ್ವಾ? ಇಷ್ಟು ಸಣ್ಣ ವಿಷಯಕ್ಕೆ ಮೀಟರ್ ಯಾಕೆ?

ಮೊದಲ ವರ್ಷ ನಾನೂ ಬಕೆಟ್ ಎಣಿಸಿಯೇ ಹಂಚಿದೆ. ಅದು ತಪ್ಪಾಯಿತು, ಒಬ್ಬ ನೆರೆಯವರಿಗೆ ಅನ್ಯಾಯವೂ ಆಯಿತು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೂರು ಮನೆ ಅಂದುಕೊಳ್ಳಿ. ಮೊದಲನೆಯವರು 40 ಗ್ಯಾಲನ್ ತಂದರು, ಸಕ್ಕರೆ ಶೇ. 2. ಎರಡನೆಯವರು ತಂದದ್ದು 25 ಗ್ಯಾಲನ್ ಮಾತ್ರ. ಆದರೆ ಅವರ ಮರ ಬಯಲಲ್ಲಿ ಒಂಟಿಯಾಗಿ ನಿಂತು ದೊಡ್ಡ ತಲೆ ಬಿಟ್ಟ ಶುಗರ್ ಮೇಪಲ್, ರಸದಲ್ಲಿ ಸಕ್ಕರೆ ಶೇ. 3.2. ಮೂರನೆಯವರದ್ದು ಜೌಗಿನ ಅಂಚಿನ ರೆಡ್ ಮೇಪಲ್, 60 ಗ್ಯಾಲನ್, ಸಕ್ಕರೆ ಶೇ. 1.4. ಗ್ಯಾಲನ್ನನ್ನು ಸಕ್ಕರೆಯಿಂದ ಗುಣಿಸಿ. ಇದನ್ನು ನಾವು ಪಾಯಿಂಟ್ ಅನ್ನುತ್ತೇವೆ. 80, 80, 84 ಬಂತು. ಮೂವರೂ ಹೆಚ್ಚುಕಮ್ಮಿ ಒಂದೇ ಅಷ್ಟು ಸಕ್ಕರೆ ತಂದಿದ್ದಾರೆ!

ಒಟ್ಟು 244 ಪಾಯಿಂಟ್, ಸಿರಪ್ 2.84 ಗ್ಯಾಲನ್. ಪಾಯಿಂಟ್ ಪ್ರಕಾರ 0.93, 0.93, 0.98 ಆಗಬೇಕು. ಬಕೆಟ್ ಎಣಿಸಿದರೆ 0.91, 0.57, 1.36 ಆಗುತ್ತದೆ. ನನ್ನ ಅರ್ಧ ತೆಗೆಯುವ ಮುಂಚಿನ ಲೆಕ್ಕ ಇದು. ಎರಡನೆಯವರ ಸಕ್ಕರೆ ಸುಮಾರು 1.4 ಲೀಟರ್ ಸಿರಪ್ಪಾಗಿ ಮೂರನೆಯವರ ಮನೆಗೆ ಹೋಯಿತು. ಯಾರೂ ಮೋಸ ಮಾಡಲಿಲ್ಲ, ಆದರೂ ಮೋಸ ಆಯಿತು. ಮರ ಕೊಡುವುದರಲ್ಲಿ ನೀರು ಒಲೆ ಮೇಲೆ ಹಾರಿಹೋಗುತ್ತದೆ, ಪಾಲಿಗೆ ಬರುವುದು ಸಕ್ಕರೆ ಮಾತ್ರ. ಆದ್ದರಿಂದ ಅಳೆಯಬೇಕಾದದ್ದು ಸಕ್ಕರೆಯನ್ನು.

ಸಕ್ಕರೆ ಅಳೆಯೋದು ಹೇಗೆ? ಯಾರು ಅಳೀಬೇಕು?

ಎರಡು ಸಾಧನ ಇವೆ. ಒಂದು ಹೈಡ್ರೋಮೀಟರ್, ರಸದಲ್ಲಿ ತೇಲುವ ಗಾಜಿನ ಕಡ್ಡಿ. ಇನ್ನೊಂದು ರಿಫ್ರಾಕ್ಟೋಮೀಟರ್, ಗಾಜಿನ ಮೇಲೆ ಒಂದು ಹನಿ ಹಾಕಿ ಓದುವುದು. ಸಿರಪ್ ನೋಡುವ ಹೈಡ್ರೋಮೀಟರ್ ಬೇರೆ, ರಸ ನೋಡುವುದೇ ಬೇರೆ, ಅದಲುಬದಲು ಮಾಡಬೇಡಿ.

ಇಲ್ಲಿ ಸಣ್ಣ ತಪ್ಪು ಸಣ್ಣದಲ್ಲ. ಶೇ. 2ರ ರಸವನ್ನು 2.2 ಅಂತ ಓದಿದರೆ ಅದು ಪಾಲಿನ ಹತ್ತನೇ ಒಂದು ಭಾಗ. ಅದಕ್ಕೆ ನಾನು ಪ್ರತಿ ಬೆಳಿಗ್ಗೆ ಡಿಸ್ಟಿಲ್ಡ್ ವಾಟರ್ ಒಂದು ಹನಿ ಹಾಕಿ ಸೊನ್ನೆ ಸರಿ ಮಾಡಿಕೊಳ್ಳುತ್ತೇನೆ. ರಸದ ಕ್ಯಾನನ್ನು ಉದ್ದನೆ ಕೋಲಿನಿಂದ ತಳದವರೆಗೆ ಕಲಕುತ್ತೇನೆ, ಯಾಕೆಂದರೆ ಬೇರೆ ಬೇರೆ ಮರದ್ದು ಬೇರೆ ಬೇರೆ ದಿನ ಸುರಿದದ್ದು ತಾನಾಗಿ ಬೆರೆತಿರುವುದಿಲ್ಲ. ಒಂದು ಹನಿ ಹಾಕಿ, ಗಾಜಿನ ಬಿಸಿ ಮತ್ತು ರಸದ ತಂಪು ಸಮ ಆಗಲು ಅರ್ಧ ನಿಮಿಷ ಬಿಟ್ಟು, ಮೊದಲು ತಂದವರ ಕಣ್ಣಿಗೆ ಹಿಡಿಯುತ್ತೇನೆ. ಅವರು ಓದಿದ ಮೇಲೆ ನಾನು ಓದುತ್ತೇನೆ. ಎರಡೂ ಒಂದೇ ಬಂದರೆ ಬರೆಯುತ್ತೇವೆ, ಇಲ್ಲದಿದ್ದರೆ ಇನ್ನೊಂದು ಹನಿ. ತಂದವರು ಇಲ್ಲದಾಗ ಅಳೆಯಬೇಡಿ. ಬಾಗಿಲ ಹೊರಗೆ ಕ್ಯಾನ್ ಇಟ್ಟು ಹೋದರೆ ಒಂದು ಶೀಶೆ ರಸ ತೆಗೆದು ಹಿಮದಲ್ಲಿ ಹೂತಿಡುತ್ತೇನೆ, ಸಂಜೆ ಅವರು ಬಂದ ಮೇಲೆ ಇಬ್ಬರೂ ನೋಡುತ್ತೇವೆ.

ಬಕೆಟ್ಟಲ್ಲಿ ಐಸ್ ಕಟ್ಟಿತ್ತು. ಅದನ್ನು ಲೆಕ್ಕಕ್ಕೆ ಹಿಡೀತೀರಾ?

ರಸ ಹೆಪ್ಪುಗಟ್ಟುವಾಗ ಮೊದಲು ಐಸ್ ಆಗುವುದು ಹೆಚ್ಚಾಗಿ ನೀರು, ಸಕ್ಕರೆ ಕೆಳಗಿನ ದ್ರವದಲ್ಲೇ ಜಾಸ್ತಿ ಉಳಿಯುತ್ತದೆ. ಹಾಗಾಗಿ ದ್ರವದ ಬ್ರಿಕ್ಸ್ ಓದಿ, ಐಸ್ ಸಮೇತ ಗ್ಯಾಲನ್ ಅಳೆದರೆ ಪಾಯಿಂಟ್ ಉಬ್ಬುತ್ತದೆ. ದಾರಿ ಎರಡು. ಐಸನ್ನು ಎತ್ತಿ ಹೊರಗೆ ಹಾಕಿ ಉಳಿದದ್ದನ್ನು ಅಳೆಯುವುದು, ಅಥವಾ ಪೂರ್ತಿ ಕರಗಿಸಿ ಕಲಕಿ ಅಳೆಯುವುದು. ನಾನು ಮೊದಲನೆಯದನ್ನೇ ಮಾಡುತ್ತೇನೆ. ಐಸ್ ಜೊತೆ ಸ್ವಲ್ಪ ಸಕ್ಕರೆ ಹೋಗುತ್ತದೆ ನಿಜ, ಆದರೆ ಸೌದೆ ಉಳಿಯುತ್ತದೆ. ಎಲ್ಲರಿಗೂ ಒಂದೇ ನಿಯಮ ಇರಲಿ.

ನೆರೆಯವರ ಹತ್ರ ಲೆಕ್ಕದ ಪುಸ್ತಕ ಇಟ್ಟರೆ ಅವಮಾನ ಅನಿಸಲ್ವಾ?

ನನಗೂ ಮೊದಲು ಸಂಕೋಚ ಇತ್ತು. ಈಗ ಬಾಗಿಲ ಪಕ್ಕ ಮೊಳೆಗೆ ದಾರ ಕಟ್ಟಿ ಒಂದು ನೋಟ್‌ಬುಕ್ ತೂಗುಹಾಕಿದ್ದೇನೆ, ಜೊತೆಗೆ ಪೆನ್ಸಿಲ್, ಯಾಕೆಂದರೆ ಹಬೆಗೆ ಪೆನ್ನಿನ ಶಾಯಿ ಹರಡುತ್ತದೆ. ತಾರೀಕು, ಗ್ಯಾಲನ್, ಬ್ರಿಕ್ಸ್, ಪಾಯಿಂಟ್, ತಂದವರ ಸಹಿ. ಪುಟ ಎಲ್ಲರಿಗೂ ಕಾಣುತ್ತದೆ. ನಮ್ಮ ಮರಗಳ ರಸವನ್ನೂ ಹಾಗೇ ಅಳೆದು ನಮ್ಮ ಹೆಸರಲ್ಲಿ ಬರೆಯುತ್ತೇನೆ. ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಬೇರೆಯವರದ್ದೆಲ್ಲಾ ಅಳೆದು ನಿಮ್ಮದನ್ನು ಅಂದಾಜಿಗೆ ಸುರಿದರೆ ಆ ಪುಸ್ತಕಕ್ಕೆ ಬೆಲೆ ಇಲ್ಲ.

## ಒಲೆ ಹೊತ್ತಿದ ಮೇಲಿನ ಪ್ರಶ್ನೆಗಳು

ನಮ್ಮ ಮರದ ರಸದ ಸಿರಪ್ಪೇ ನಮಗೆ ಬೇಕು. ಬೇರೆಯವರದ್ದು ಸೇರಬಾರದು. ಆಗುತ್ತಾ?

ಆಸೆ ಅರ್ಥ ಆಗುತ್ತದೆ. ಆದರೆ ಪ್ಯಾನ್ ಕೆಲಸ ಮಾಡುವ ರೀತಿ ನೋಡಿ. ನನ್ನದು 2 ಅಡಿ ಅಗಲ, 6 ಅಡಿ ಉದ್ದ. ಒಂದು ತುದಿಯಲ್ಲಿ ರಸ ನಿಧಾನ ಒಳಗೆ ಬರುತ್ತಾ, ಅಡ್ಡಗೋಡೆಗಳ ನಡುವೆ ಸುತ್ತಿ ಸುತ್ತಿ ಗಟ್ಟಿಯಾಗುತ್ತಾ, ಇನ್ನೊಂದು ತುದಿಯಲ್ಲಿ ಸಿರಪ್ಪಾಗಿ ಇಳಿಯುತ್ತದೆ. ಒಂದು ಇಂಚು ದ್ರವ ನಿಂತರೂ ಏಳು ಗ್ಯಾಲನ್ನಿಗಿಂತ ಜಾಸ್ತಿ ಒಳಗೇ ಇರುತ್ತದೆ, ಎರಡು ಇಂಚಿಗೆ ಹದಿನೈದು. ಊರಿನ ಹಿಟ್ಟಿನ ಗಿರಣಿಯಲ್ಲಿ ರಾಗಿ ಬೀಸಿದ ಮೇಲೆ ಗೋಧಿ ಹಾಕಿಸಿದರೆ ಮೊದಲ ಸೇರು ಕಂದು ಬಣ್ಣಕ್ಕೆ ಬರುತ್ತದಲ್ಲ, ಹಾಗೆ. ಇಲ್ಲಿ ಆ ಮೊದಲ ಸೇರೇ ನಿಮ್ಮ ಇಡೀ ಚೀಲದಷ್ಟಾಗಬಹುದು.

ಬೇರೆಯೇ ಬೇಕು ಅಂದರೆ ಪ್ಯಾನ್ ಪೂರ್ತಿ ಖಾಲಿ ಮಾಡಿ, ತೊಳೆದು, ನಿಮ್ಮದನ್ನೇ ಹಾಕಿ ಕೊನೆವರೆಗೆ ಇಳಿಸಬೇಕು. ಕಮ್ಮಿ ರಸಕ್ಕೆ ಹೀಗೆ ಮಾಡಿದರೆ ಕೊನೆಗೆ ತಳದಲ್ಲಿ ತೆಳುವಾಗಿ ಉಳಿದದ್ದು ಸೀದು ಪ್ಯಾನೇ ಹಾಳಾಗುತ್ತದೆ. ನಾನು 150 ಗ್ಯಾಲನ್ನಿಗಿಂತ ಕಮ್ಮಿ ಇದ್ದರೆ ಒಪ್ಪುವುದಿಲ್ಲ.

ಸೀಸನ್ ಮುಗಿದಾಗ ಪ್ಯಾನ್‌ನಲ್ಲಿ ಉಳಿದದ್ದು ಯಾರದ್ದು?

ಎಲ್ಲರದ್ದು. ಪ್ಯಾನ್ ತುಂಬುವಾಗ ಮೊದಲ ದಿನ ತಂದವರ ಸಕ್ಕರೆಯೇ ಒಳಗೆ ನಿಂತಿರುತ್ತದೆ. ಆ ದಿನ ಸಿರಪ್ ಬಹಳ ಕಮ್ಮಿ ಇಳಿಯುತ್ತದೆ. ಅದಕ್ಕೇ ಮೊದಲ ದಿನದ ರಸಕ್ಕೆ ಆ ದಿನದ ಸಿರಪ್ ಅಂತ ಲೆಕ್ಕ ಹಾಕಿದರೆ ಅವರಿಗೆ ನಷ್ಟ, ಕೊನೇ ದಿನದವರಿಗೆ ಲಾಭ. ಕೊನೆಗೆ ಪ್ಯಾನ್ ಖಾಲಿ ಮಾಡಿ, ಕಡಿಮೆ ಉರಿಯಲ್ಲಿ ಇಳಿಸಿ, ಒಟ್ಟು ಸಿರಪ್ಪಿಗೆ ಸೇರಿಸಿ. ಕುದಿಸುವವರು ಅದನ್ನು ಸುಮ್ನೆ ತಮ್ಮದು ಅಂತ ಇಟ್ಟುಕೊಳ್ಳುವುದು ಸರಿಯಲ್ಲ.

ಹಾಗಾದರೆ ಕೊನೆಯ ಲೆಕ್ಕ ಹೇಗೆ? ಸೂತ್ರದಷ್ಟೇ ಸಿರಪ್ ಬರುತ್ತಾ?

ಬರುವುದಿಲ್ಲ. ಸೋಸುವಾಗ ಫೆಲ್ಟ್ ಬಟ್ಟೆ ಕುಡಿಯುತ್ತದೆ, ಶುಗರ್ ಸ್ಯಾಂಡ್ ಅನ್ನುವ ಮರಳಿನಂಥ ಗಸಿ ಸಿರಪ್ ಹಿಡಿದುಕೊಳ್ಳುತ್ತದೆ, ನೊರೆಯಲ್ಲಿ ಸ್ವಲ್ಪ ಹೋಗುತ್ತದೆ. ಆದ್ದರಿಂದ ಸೂತ್ರದ ಪ್ರಕಾರ ಯಾರಿಗೂ ಮಾತು ಕೊಡಬೇಡಿ, ನಿಜವಾಗಿ ಬಂದದ್ದನ್ನು ಪಾಯಿಂಟ್ ಪ್ರಕಾರ ಹಂಚಿ. ಎಲ್ಲರ ಪಾಯಿಂಟ್ ಸೇರಿ 3,440 ಅಂತಿಟ್ಟುಕೊಳ್ಳಿ. ಸೂತ್ರ 40 ಗ್ಯಾಲನ್ ಅನ್ನುತ್ತದೆ, ಕೈಗೆ ಬಂದದ್ದು 37. ನಿಮ್ಮದು 344 ಪಾಯಿಂಟ್ ಆದರೆ 37ರಲ್ಲಿ ಹತ್ತನೇ ಒಂದು, 3.7 ಗ್ಯಾಲನ್. ಅದರಲ್ಲಿ ಅರ್ಧ, 1.85, ನಿಮಗೆ. ಹೀಗೆ ಮಾಡಿದರೆ ಸೋರಿದ್ದು, ಅಂಟಿದ್ದು ಎಲ್ಲರ ಮೇಲೂ ಸಮನಾಗಿ ಬೀಳುತ್ತದೆ, ಕುದಿಸುವವರ ಮೇಲೂ.

ಮೊದಲ ವಾರದಲ್ಲೇ ರಸ ಕೊಟ್ಟೆ. ನನಗೆ ಯಾಕೆ ಕಪ್ಪು ಸಿರಪ್ ಕೊಟ್ಟಿರಿ?

ನ್ಯಾಯವಾದ ದೂರು. ಸೀಸನ್ ಶುರುವಿನಲ್ಲಿ ಸಿರಪ್ ಸಾಮಾನ್ಯವಾಗಿ ತಿಳಿ ಹೊಂಬಣ್ಣ, ದಿನ ಬೆಚ್ಚಗಾದ ಹಾಗೆ ಕಡುಬಣ್ಣ. ಗೋಲ್ಡನ್, ಆಂಬರ್, ಡಾರ್ಕ್, ವೆರಿ ಡಾರ್ಕ್ ಅಂತ ನಾಲ್ಕು ಬಗೆ. ನಾಲ್ಕೂ ಗ್ರೇಡ್ ಎ. ಕಪ್ಪಾದರೆ ಕೀಳು ಅಂತ ಅಲ್ಲ, ದೋಸೆ ಜೊತೆ ನನಗೆ ಡಾರ್ಕೇ ಇಷ್ಟ, ಜೋನಿಬೆಲ್ಲದ ಹತ್ತಿರ ಬರುತ್ತದೆ. ಆದರೂ ಅವರವರ ಕಾಲದ್ದು ಅವರವರಿಗೆ ಸಿಗಬೇಕು. ನಾನು ಸೀಸನ್ನನ್ನು ಮೂರು ಭಾಗ ಮಾಡಿ, ಪ್ರತಿ ಭಾಗದ ಪಾಯಿಂಟ್, ಪ್ರತಿ ಭಾಗದ ಸಿರಪ್ ಬೇರೆ ಬೇರೆ ಇಡುತ್ತೇನೆ. ಭಾಗ ಬದಲಾಗುವಾಗ ಪ್ಯಾನ್‌ನ ಮಟ್ಟ ಒಂದೇ ಇರುವ ಹಾಗೆ ನೋಡಿಕೊಳ್ಳುತ್ತೇನೆ. ಕೊನೆಗೆ ಯಾರಿಗೆ ಬೇಕೋ ಅವರು ತಮ್ಮಲ್ಲೇ ಬದಲಾಯಿಸಿಕೊಳ್ಳುತ್ತಾರೆ.

ಯಾರೋ ಹಾಳಾದ ರಸ ತಂದರೆ ಬೇಡ ಅನ್ನಬಹುದಾ? ಬೇಜಾರಾಗ್ತಾರೆ.

ಅನ್ನಲೇಬೇಕು. ರಸ ಹಾಲಿನ ಹಾಗೆ, ಬೆಚ್ಚಗಿದ್ದರೆ ಬೇಗ ಕೆಡುತ್ತದೆ. ಅದರೊಳಗಿನ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಒಡೆದಷ್ಟೂ ಸಿರಪ್ ಕಪ್ಪಾಗುತ್ತದೆ. ಒಬ್ಬರ ಕೆಟ್ಟ ಕ್ಯಾನ್ ಆರು ಮನೆಯ ಸಿರಪ್ಪನ್ನು ಕೆಡಿಸುತ್ತದೆ. ಮೊಗ್ಗು ಉಬ್ಬಿದ ಮೇಲಿನ ರಸಕ್ಕೂ ಬೇರೆಯೇ ವಾಸನೆ, ಅದನ್ನು ನಾನು ತೆಗೆದುಕೊಳ್ಳುವುದಿಲ್ಲ. ಒಂದು ಲೋಟ ಕುದಿಸಿ ಮೂಸಿ ನೋಡಿದರೆ ಗೊತ್ತಾಗುತ್ತದೆ, ತಂದವರಿಗೂ ಮೂಸಲು ಕೊಡಿ. ಇನ್ನೊಂದು ಮಾತು. ಹಳೇ ತಗಡಿನ ಬಕೆಟ್ಟುಗಳ ಬೆಸುಗೆಯಲ್ಲಿ ಸೀಸ ಇರುತ್ತದೆ. ಅಜ್ಜನ ಕಾಲದ ಬಕೆಟ್ ಅಂತ ಪ್ರೀತಿಯಿಂದ ತಂದರೂ ಆ ರಸ ಬೇಡ. ಇದರಲ್ಲಿ ನನಗೆ ದಾಕ್ಷಿಣ್ಯ ಇಲ್ಲ, ಅದನ್ನು ಕುಡಿಯುವುದು ಮಕ್ಕಳು.

ನೀವು ಕುದಿಸುವಾಗ ಸೀದು ಹೋದರೆ ನಷ್ಟ ಯಾರಿಗೆ?

ಕುದಿಸುವವರಿಗೆ. ನೀರು ಕುದಿಯುವುದಕ್ಕಿಂತ ಸುಮಾರು 4 ಡಿಗ್ರಿ ಸೆಲ್ಸಿಯಸ್ ಮೇಲೆ, ಅಂದರೆ 104ರ ಹತ್ತಿರ ಸಿರಪ್ ಸಿದ್ಧ. ಅಲ್ಲಿಂದ ಸೀಯುವುದಕ್ಕೆ ನಿಮಿಷಗಳೇ ಸಾಕು. ಎರಡನೇ ವರ್ಷ ಒಂದು ರಾತ್ರಿ ನಾನು ಸೌದೆ ತರಲು ಹೊರಗೆ ಹೋದಾಗ ರಸದ ಕೊಳವೆ ಕಟ್ಟಿಕೊಂಡಿತು, ವಾಪಸ್ ಬರುವಷ್ಟರಲ್ಲಿ ಪ್ಯಾನಿನ ಸಿರಪ್ ಇಳಿಯುವ ತುದಿ ಕರಿ. ಮೂರು ಗ್ಯಾಲನ್ ಸಿರಪ್ ಹೋಯಿತು. ಆ ಮೂರನ್ನೂ ನನ್ನ ಪಾಲಿನಿಂದ ಕಳೆದೆ. ಒಲೆ ಕಾಯುವುದಕ್ಕೇ ಅಲ್ವಾ ಅರ್ಧ ತೆಗೆದುಕೊಳ್ಳುವುದು.

## ಇನ್ನೂ ಸೂಕ್ಷ್ಮವಾದ ಪ್ರಶ್ನೆಗಳು

ಸೌದೆ ನಾವೇ ತಂದುಕೊಟ್ಟರೆ, ರಾತ್ರಿ ಜೊತೆಗೆ ಕೂತರೆ ಪಾಲು ಜಾಸ್ತಿ ಆಗುತ್ತಾ?

ಸೌದೆಗೆ ಹೌದು. ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಎಂಟಡಿ ಉದ್ದದ ರಾಶಿಗೆ ಒಂದು ಕಾರ್ಡ್ ಅನ್ನುತ್ತಾರೆ. ಸಾಧಾರಣ ಒಲೆಯಲ್ಲಿ ಒಂದು ಕಾರ್ಡಿಗೆ ಸುಮಾರು 25 ಗ್ಯಾಲನ್ ಸಿರಪ್. ತಮ್ಮ ಪಾಲಿಗೆ ಬೇಕಾದಷ್ಟು ಒಣ ಸೌದೆ ತಂದವರಿಗೆ ನಾನು ಅರ್ಧದ ಬದಲು ಶೇ. 60 ಕೊಡುತ್ತೇನೆ. ಹಸಿ ಸೌದೆ ಬೇಡ, ಅದು ತನ್ನ ನೀರು ಆರಿಸಿಕೊಳ್ಳುವುದರಲ್ಲೇ ಮುಗಿಯುತ್ತದೆ. ರಾತ್ರಿ ಕೂರುವುದಕ್ಕೆ ಪಾಲು ಹಿಡಿಯಲು ಹೋಗಲಿಲ್ಲ. ಹಬೆಯಲ್ಲಿ ಕೂತು, ಬಿಸಿ ಸಿರಪ್ಪನ್ನು ಹಿಮದ ಮೇಲೆ ಸುರಿದು ತಿನ್ನುವ ಆ ಹೊತ್ತಿಗೆ ಗಂಟೆ ಲೆಕ್ಕ ಬರೆಯಲು ಮನಸ್ಸು ಬರುವುದಿಲ್ಲ. ದಿನಾ ಬಂದು ಕೆಲಸ ಮಾಡುವವರ ಮಾತು ಬೇರೆ. ಅವರಿಗೆ ನನ್ನ ಅರ್ಧದಲ್ಲಿ ಪಾಲು ಇದೆ.

ನೀರು ನೀರಾದ ರಸಕ್ಕೂ ಅರ್ಧವೇ, ಸಿಹಿಯಾದ ರಸಕ್ಕೂ ಅರ್ಧವೇ?

ಒಳ್ಳೆ ಪ್ರಶ್ನೆ. ಶೇ. 1.4ರ ರಸದಲ್ಲಿ ಒಂದು ಗ್ಯಾಲನ್ ಸಿರಪ್ಪಿಗೆ 61 ಗ್ಯಾಲನ್ ಕುದಿಸಬೇಕು. ಶೇ. 3.2ರದ್ದಕ್ಕೆ 27 ಸಾಕು. ನನ್ನ ಪ್ಯಾನ್‌ನಲ್ಲಿ ಗಂಟೆಗೆ ಹೆಚ್ಚುಕಮ್ಮಿ 12 ಗ್ಯಾಲನ್ ನೀರು ಹಾರುತ್ತದೆ. ಅಂದರೆ ಒಂದಕ್ಕೆ ಐದು ಗಂಟೆ, ಇನ್ನೊಂದಕ್ಕೆ ಎರಡು ಚಿಲ್ಲರೆ. ಎರಡಕ್ಕೂ ನನಗೆ ಸಿಗುವುದು ಅದೇ ಅರ್ಧ ಗ್ಯಾಲನ್. ಹಣ ಕೊಟ್ಟು ರಸ ಕೊಳ್ಳುವ ದೊಡ್ಡ ಉತ್ಪಾದಕರು ಸಿಹಿ ಜಾಸ್ತಿ ಇದ್ದಷ್ಟೂ ಪಾಯಿಂಟಿಗೂ ಜಾಸ್ತಿ ದರ ಕೊಡುವುದು ಇದಕ್ಕೇ. ನಮ್ಮಲ್ಲಿ ಶೇ. 2.5ಕ್ಕಿಂತ ಮೇಲಿದ್ದರೆ ತಂದವರಿಗೆ ಶೇ. 55, ಶೇ. 1.5ಕ್ಕಿಂತ ಕೆಳಗಿದ್ದರೆ ಶೇ. 45. ಇದಕ್ಕಿಂತ ನುಣ್ಣಗೆ ಮಾಡಲು ಹೋಗಬೇಡಿ, ಯಾರಿಗೂ ಅರ್ಥ ಆಗದ ಲೆಕ್ಕವನ್ನು ಯಾರೂ ನಂಬುವುದಿಲ್ಲ.

ನನ್ನ ಹತ್ರ ಆರ್‌ಓ ಇದೆ. ರಸವನ್ನು 8 ಬ್ರಿಕ್ಸ್‌ಗೆ ಏರಿಸಿ ತರ್ತೀನಿ. ಆಗಲೂ ಅರ್ಧ ಕೊಡಬೇಕಾ?

ಬೇಡ. ಆರ್‌ಓ ಅಂದರೆ ಮನೆಯ ನೀರಿನ ಫಿಲ್ಟರಿನ ಹಾಗೆ, ಕುದಿಸದೆಯೇ ರಸದಿಂದ ನೀರನ್ನು ಬೇರೆ ಮಾಡುವ ಯಂತ್ರ. ಶೇ. 2ರ ರಸವನ್ನು ಶೇ. 8ಕ್ಕೆ ತಂದರೆ ನೀರಿನ ಮುಕ್ಕಾಲು ಭಾಗ ಮೊದಲೇ ಹೋಗಿರುತ್ತದೆ. 43 ಗ್ಯಾಲನ್ ಬದಲು 11 ಗ್ಯಾಲನ್ ಕುದಿಸಿದರೆ ಮುಗಿಯಿತು. ಕಾಲು ಪಾಲು ಕುದಿಸುವವರಿಗೆ ಸಾಕು. ಆದರೆ ಏರಿಸಿದ ರಸ ಇನ್ನೂ ಬೇಗ ಕೆಡುತ್ತದೆ, ಅದೇ ದಿನ ತನ್ನಿ.

ನನ್ನ ಪಾಲಿನ ಸಿರಪ್ ಮಾರಬಹುದಾ?

ವರ್ಮಾಂಟ್‌ನಲ್ಲಿ ಮಾರುವ ಡಬ್ಬಿಯ ಮೇಲೆ ಗ್ರೇಡು, ಅಳತೆ, ಹೆಸರು ವಿಳಾಸ ಇರಬೇಕು. ಕುದಿಸಿದವರ ಹೆಸರಿಗೆ ಸಂಬಂಧ ಬರುವುದರಿಂದ ಮೊದಲೇ ಕೇಳಿ. ಹಲವು ಮನೆಯ ರಸ ಬೆರೆತಿದ್ದರೆ, ಅದರಲ್ಲಿ ಒಂದಕ್ಕೆ ಸರ್ಟಿಫಿಕೇಟ್ ಇಲ್ಲದಿದ್ದರೂ, ಸಾವಯವ ಅಂತ ಮಾರುವ ಹಾಗಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಉತ್ಪಾದಕರ ಸಂಘಟನೆಯ ಕೋಟಾ ಪದ್ಧತಿಯೇ ಇದೆ, ಅಲ್ಲಿನವರು ಅಲ್ಲಿನ ನಿಯಮ ನೋಡಿಕೊಳ್ಳಿ.

ಪಾಲು ಕಮ್ಮಿ ಬಂತು ಅನಿಸಿದರೆ ಹೇಗೆ ಕೇಳಲಿ?

ನೇರ ಬಂದು ಪುಸ್ತಕ ತೆಗೆಯಿರಿ. ಒಬ್ಬ ಹಿರಿಯರು, ನಾಲ್ಕೇ ಮರದವರು, ಒಂದು ವರ್ಷ ಬಾಯಿಬಿಡದೆ ಸುಮ್ಮನೆ ಹೋದರು. ಮುಂದಿನ ಮಾರ್ಚ್‌ನಲ್ಲಿ ಬರಲಿಲ್ಲ. ನಾನೇ ಅವರ ಮನೆಗೆ ನೋಟ್‌ಬುಕ್ ಹಿಡಿದು ಹೋದೆ. ಇಬ್ಬರೂ ಅಡುಗೆಮನೆ ಮೇಜಿನ ಮೇಲೆ ಸಾಲು ಸಾಲಾಗಿ ಕೂಡಿಸಿದೆವು. ಏಪ್ರಿಲ್ 2ರ ಅವರ ಹನ್ನೆರಡು ಗ್ಯಾಲನ್ ಪಕ್ಕದ ಹೆಸರಿಗೆ ಬಿದ್ದಿತ್ತು. ನನ್ನದೇ ಕೈಬರಹ. ಅವತ್ತೇ ಅವರಿಗೆ ಬರಬೇಕಾದ ಬಾಟಲಿ ಕೊಟ್ಟೆ. ಎರಡು ದಿನ ಬಿಟ್ಟು ಅವರ ಬಕೆಟ್ಟುಗಳು ಮತ್ತೆ ಬಂದವು.

ಆಮೇಲಿನಿಂದ ಹಂಚುವ ದಿನ ಎಲ್ಲವನ್ನೂ ಹಂಚುವುದಿಲ್ಲ. ನನ್ನ ಪಾಲಿನಿಂದ ಎರಡು ಗ್ಯಾಲನ್ ಎತ್ತಿ ಮೇ 15ರವರೆಗೆ ಶೆಲ್ಫಿನ ಮೇಲೆ ಇಡುತ್ತೇನೆ. ಯಾರ ಲೆಕ್ಕದಲ್ಲಾದರೂ ತಪ್ಪು ಸಿಕ್ಕರೆ ಅದರಿಂದ ತುಂಬಿಕೊಡುತ್ತೇನೆ. ಯಾರೂ ಬರದಿದ್ದರೆ ಆಮೇಲೆ ಅದನ್ನು ಮನೆಗೆ ಒಯ್ಯುತ್ತೇನೆ.